ಏರಿನಲ್ಲಿ ಟ್ರ್ಯಾಕ್ಟರ್ ಕುದಿಯುವುದು ಯಾಕೆ?

2014ರ ಜನವರಿ. ಘಟ್ಟದ ಮೇಲಿಂದ ಕುರಿಗೊಬ್ಬರದ ಲಾರಿ ಬೆಳಿಗ್ಗೆ ಏಳಕ್ಕೇ ಬಂದು ಟಾರು ರಸ್ತೆಯ ಬದಿಯಲ್ಲಿ ನಿಂತಿತ್ತು. ಹತ್ತು ಟನ್ ಗೊಬ್ಬರ. ಅಲ್ಲಿಂದ ನಮ್ಮ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಕೊನೆಯ ಅರ್ಧ ಕಿಲೋಮೀಟರ್ ಬರೀ ಚಡಾವು. ಲಾರಿ ಅತ್ತ ಬರುವ ಮಾತೇ ಇಲ್ಲ. ಪ್ರತಿ ವರ್ಷ ನಮ್ಮದೇ ಟ್ರ್ಯಾಕ್ಟರಿನ ಟ್ರೈಲರಿಗೆ ತುಂಬಿಸಿ ನಾಲ್ಕು ಟ್ರಿಪ್ ಹೊಡೆಯುವುದು ವಾಡಿಕೆ.

ಆ ದಿನ ಲಾರಿ ಡ್ರೈವರಿಗೆ ಅವಸರ. ಮಧ್ಯಾಹ್ನದ ಒಳಗೆ ಇನ್ನೊಂದು ಕಡೆ ಲೋಡು ಹಿಡಿಯಬೇಕಂತೆ. "ಮೂರು ಟ್ರಿಪ್‌ನಲ್ಲಿ ಮುಗಿಸಿ ಕೊಡಿ ಮಾರಾಯ್ರೆ" ಅಂದ. ನಾವೂ ಒಪ್ಪಿದೆವು. ಟ್ರೈಲರಿನ ಬದಿಗೆ ಹಲಗೆ ಕಟ್ಟಿ ತುಂಬಿಸಿದ್ದಾಯಿತು.

ಟ್ರ್ಯಾಕ್ಟರ್ ಓಡಿಸುವವನು ನನ್ನ ತಮ್ಮ. ಮೊದಲ ಟ್ರಿಪ್ ಸುಸೂತ್ರ. ಎರಡನೆಯದರಲ್ಲಿ ಚಡಾವಿನ ಅರ್ಧಕ್ಕೆ ಬಂದಾಗ "ಅಣ್ಣಾ, ಮುಳ್ಳು ಕೆಂಪಿಗೆ ಹೋಯ್ತು" ಅಂದ. ಹೇಗೋ ಅಂಗಳ ಮುಟ್ಟಿಸಿದ. ಬೋನೆಟ್ ಎತ್ತಿದರೆ ಒಳಗೆ ಹಂಡೆ ಕುದಿಯುವ ಸದ್ದು. ನೀರು ಹಾಕಿದರೆ ಸರಿಯಾದೀತೆಂದು ಗೋಣಿ ತುಂಡು ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಮುಂದಿನದ್ದನ್ನು ನೆನೆದರೆ ಈಗಲೂ ನನ್ನ ಕೈ ನಡುಗುತ್ತದೆ. ಮುಚ್ಚಳ ಹಾರಿ ಹೋಯಿತು. ನೀರು ಆಳೆತ್ತರಕ್ಕೆ ಚಿಮ್ಮಿತು. ಬಲಗೈ ಮೊಣಕೈವರೆಗೆ, ಕುತ್ತಿಗೆಯ ಒಂದು ಬದಿ ಬೆಂದು ಹೋಯಿತು. ಒಂದು ಗೇಣು ಆಚೀಚೆ ಆಗಿದ್ದರೆ ಕಣ್ಣು.

ಅವನನ್ನು ನೆರೆಕರೆಯವರ ರಿಕ್ಷಾದಲ್ಲಿ ಆಸ್ಪತ್ರೆಗೆ ಕಳಿಸಿದೆ. ಲಾರಿ ಡ್ರೈವರ್ ಫೋನಿನ ಮೇಲೆ ಫೋನು. ಬಾವಿಯ ನೀರು ಎರಡು ಕೊಡ ತಂದು ರೇಡಿಯೇಟರಿಗೆ ಸುರಿದೆ. ಮೂರನೇ ಟ್ರಿಪ್‌ಗೆ ನಾನೇ ಹತ್ತಿದೆ. ನನಗೆ ತೋಟದೊಳಗೆ ಓಡಿಸಿ ಅಭ್ಯಾಸವೇ ಹೊರತು ಲೋಡಿನಲ್ಲಿ ಚಡಾವು ಹತ್ತಿಸಿ ಗೊತ್ತಿಲ್ಲ. ಮತ್ತೆ ಮುಳ್ಳು ಏರಿತು, ಕೆಂಪು ಮುಟ್ಟಿತು. ಏನು ಮಾಡುವುದೆಂದು ನೋಡುತ್ತಿದ್ದ ಹಾಗೇ ಮುಳ್ಳು ತಾನಾಗಿ ಇಳಿಯತೊಡಗಿತು. ಅಬ್ಬ, ತಣಿಯಿತು ಅಂದುಕೊಂಡೆ. ನೂರು ಮಾರು ಮುಂದೆ ಹೋಗುವಷ್ಟರಲ್ಲಿ ಸುಟ್ಟ ಬಣ್ಣದ ವಾಸನೆ, ಟಕಟಕ ಸದ್ದು, ಎಂಜಿನ್ ಬಂದ್. ಚಡಾವಿನ ನಡುವೆ ಮೂರು ಟನ್ ಗೊಬ್ಬರದ ಜೊತೆ ನಾನು. ಹಿಂದೆ ಬರುತ್ತಿದ್ದ ಕೆಲಸದವರು ಓಡಿ ಬಂದು ಚಕ್ರಕ್ಕೆ ಕಲ್ಲು ಕೊಟ್ಟದ್ದರಿಂದ ಬಚಾವ್.

ಮೆಕ್ಯಾನಿಕ್ ಬಂದು ನೋಡಿದ. ಮುಳ್ಳು ಇಳಿದ ಕತೆ ಹೇಳಿದೆ. ಅವ ನಕ್ಕ. "ನೀರೇ ಇಲ್ಲದಲ್ಲಿ ಮುಳ್ಳು ಎಂಥ ತೋರಿಸ್ತದೆ ಅಣ್ಣ?"

ಬಿಸಿ ಅಳೆಯುವ ಬಲ್ಬು ನೀರಿನಲ್ಲಿ ಮುಳುಗಿರಬೇಕು. ನೀರು ಅದಕ್ಕಿಂತ ಕೆಳಗೆ ಇಳಿದರೆ ಬಲ್ಬಿಗೆ ತಾಗುವುದು ಬರೀ ಹಬೆ, ಗಾಳಿ. ಎಂಜಿನ್ ಒಳಗೊಳಗೇ ಸುಡುತ್ತಿದ್ದರೂ ಮುಳ್ಳು ಕೆಳಗಿಳಿದು ಸಮಾಧಾನ ಹೇಳುತ್ತದೆ. ಲೋಡಿನಲ್ಲಿ ಏರುತ್ತಿರುವಾಗ ಕೆಂಪಿಗೆ ಹೋದ ಮುಳ್ಳು ಕಾರಣವಿಲ್ಲದೆ ಇಳಿದರೆ ಅದು ಶುಭ ಸೂಚನೆಯಲ್ಲ. ಆ ಕ್ಷಣವೇ ಎಂಜಿನ್ ಬಂದ್ ಮಾಡಬೇಕು. ನನಗೆ ಈ ಒಂದು ಮಾತು ಗೊತ್ತಿದ್ದಿದ್ದರೆ ಹೆಡ್ ಉಳಿಯುತ್ತಿತ್ತು. ಗ್ಯಾಸ್ಕೆಟ್ ಹೋಗಿ ಹೆಡ್ ಬಗ್ಗಿತ್ತು. ಅದನ್ನು ಫೇಸಿಂಗ್ ಮಾಡಿಸಿ, ಕೂಡಿಸಿ, ಕೂಲಿ ಎಲ್ಲ ಸೇರಿ ಹದಿನೆಂಟು ಸಾವಿರ. ಹನ್ನೊಂದು ದಿನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ. ಅದೂ ಕೊಯ್ಲಿನ ಸಮಯದಲ್ಲಿ.

ಒಂದು ಲೀಟರ್ ಡೀಸೆಲಿಗೆ ಒಂದು ಹಂಡೆ

"ಹೆಚ್ಚು ಲೋಡು ಹಾಕಿದ್ದಕ್ಕೆ ಹೀಗಾಯಿತು" ಎಂದು ಊರಿನವರೆಲ್ಲ ಹೇಳಿದರು. ನಾನೂ ಹಾಗೇ ನಂಬಿದ್ದೆ. ಆಮೇಲೆ ಕೂತು ಲೆಕ್ಕ ಹಾಕಿದಾಗ ಪೂರ್ತಿ ಹಾಗಲ್ಲ ಅನಿಸಿತು.

ಒಂದು ಲೀಟರ್ ಡೀಸೆಲಿನಲ್ಲಿ ಇರುವ ಶಕ್ತಿ ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಸುಮಾರು ಹತ್ತು ಯೂನಿಟ್. ಅದರಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುವುದು ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊರಗೆ. ಉಳಿದ ಮೂರು ಯೂನಿಟ್‌ನಷ್ಟು ಬಿಸಿ ಎಂಜಿನಿನ ಸುತ್ತ ಇರುವ ನೀರಿಗೆ ಹೋಗುತ್ತದೆ. ಈ ಮೂರು ಯೂನಿಟ್‌ನಲ್ಲಿ ಸುಮಾರು 35 ಲೀಟರ್ ತಣ್ಣೀರನ್ನು ಕೊತಕೊತ ಕುದಿಸಬಹುದು. ಅಂದರೆ ನಮ್ಮ ಬಚ್ಚಲಿನ ಒಂದು ಹಂಡೆ. ಟ್ರ್ಯಾಕ್ಟರಿನಲ್ಲಿ ಇರುವುದು ಹತ್ತು ಲೀಟರ್ ಆಸುಪಾಸು ನೀರು. 35 ಎಚ್‌ಪಿಯ ಎಂಜಿನ್ ಪೂರ್ತಿ ದುಡಿಯುವಾಗ ಗಂಟೆಗೆ ಏಳೆಂಟು ಲೀಟರ್ ಡೀಸೆಲ್ ಕುಡಿಯುತ್ತದೆ. ಪ್ರತಿ ಎಂಟು ನಿಮಿಷಕ್ಕೆ ಒಂದು ಹಂಡೆ ನೀರು ಕುದಿಸುವಷ್ಟು ಬಿಸಿಯನ್ನು ರೇಡಿಯೇಟರ್ ಗಾಳಿಗೆ ಬಿಡಬೇಕು ಎಂದಾಯಿತು. ಬಿಡುವ ಕೆಲಸ ಸ್ವಲ್ಪ ಕುಂಟಿದರೂ ಸಾಕು, ನಮ್ಮ ಚಡಾವು ಹತ್ತುವ ನಾಲ್ಕೈದು ನಿಮಿಷದಲ್ಲೇ ಕುದಿ ಬರುತ್ತದೆ.

ಸಪಾಟು ದಾರಿಯಲ್ಲಿ ಈ ಕುಂಟು ಗೊತ್ತೇ ಆಗುವುದಿಲ್ಲ. ಯಾಕೆಂದರೆ ಎಂಜಿನ್ ಅಲ್ಲಿ ಅರ್ಧಕ್ಕರ್ಧ ನಿದ್ದೆಯಲ್ಲಿರುತ್ತದೆ. ಟ್ರ್ಯಾಕ್ಟರ್, ಟ್ರೈಲರ್, ಲೋಡು ಸೇರಿ ಆರು ಟನ್ ಎಂದಿಟ್ಟುಕೊಳ್ಳಿ. ಒಳ್ಳೆಯ ಟಾರು ರಸ್ತೆಯಲ್ಲಿ ಅದನ್ನು ಎಳೆಯಲು ಸುಮಾರು 120 ಕಿಲೋದ ಎಳೆತ ಸಾಕು. ಮಣ್ಣಿನ ದಾರಿಯಲ್ಲಿ 300 ಕಿಲೋ. ಹತ್ತು ಅಡಿಗೆ ಒಂದಡಿ ಏರುವ ಚಡಾವಿನಲ್ಲಿ ಇದಕ್ಕೆ ಇನ್ನೂ 600 ಕಿಲೋ ಸೇರುತ್ತದೆ. ಮಣ್ಣಿನ ದಾರಿಗೆ ಒಟ್ಟು 900 ಕಿಲೋ, ಅಂದರೆ ಸಪಾಟಿನ ಮೂರು ಪಟ್ಟು. ಟಾರು ರಸ್ತೆಯಾದರೆ ಆರು ಪಟ್ಟು.

ನಾವು ಆ ದಿನ ಪ್ರತಿ ಟ್ರಿಪ್‌ಗೆ ವಾಡಿಕೆಗಿಂತ ಹೆಚ್ಚು ಹಾಕಿದ್ದು ಏಳೆಂಟು ನೂರು ಕಿಲೋ. ಇದರಿಂದ ಎಳೆತ ಹೆಚ್ಚಿದ್ದು ಏಳರಲ್ಲಿ ಒಂದು ಪಾಲು ಮಾತ್ರ. ತಪ್ಪು ಹೌದು. ಅಷ್ಟರಿಂದಲೇ ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ ಕುದಿಯಬಾರದು. ನಮ್ಮ ಟ್ರ್ಯಾಕ್ಟರ್ ಅಂಚಿನಲ್ಲೇ ನಿಂತಿತ್ತು, ನಾವು ನೂಕಿದೆವು.

ಮೆಕ್ಯಾನಿಕ್ ಕಂಡದ್ದು

ರೇಡಿಯೇಟರನ್ನು ಕಳಚಿ ಅಂಗಳದಲ್ಲಿಟ್ಟ. ಬೆಳಕಿಗೆ ಹಿಡಿದರೆ ಜೇನುಗೂಡಿನ ಹಾಗೆ ಆಚೆ ಕಾಣಬೇಕು. ನಮ್ಮದರಲ್ಲಿ ಮುಕ್ಕಾಲು ಭಾಗ ಕತ್ತಲೆ. ಅಡಿಕೆ ಸುಲಿಯುವ ಯಂತ್ರದ ಪಕ್ಕದಲ್ಲೇ ನಮ್ಮ ಟ್ರ್ಯಾಕ್ಟರ್ ಶೆಡ್ಡು. ಸಿಪ್ಪೆಯ ಧೂಳು, ಬೈಹುಲ್ಲಿನ ಚೂರು, ಹುಳ ಹುಪ್ಪಡಿ, ಇದಕ್ಕೆಲ್ಲ ಅಂಟಿನ ಹಾಗೆ ಎಣ್ಣೆಯ ಪಸೆ. ಎದುರಿನ ಜಾಲರಿಯನ್ನು ತಮ್ಮ ವಾರಕ್ಕೊಮ್ಮೆ ಒರೆಸುತ್ತಿದ್ದ. ಧೂಳು ಜಾಲರಿ ದಾಟಿ ಒಳಗೆ ಕೂತದ್ದು ಕಾಣುತ್ತಿರಲಿಲ್ಲ.

ತೊಳೆಯುವುದಕ್ಕೂ ಒಂದು ಕ್ರಮ ಉಂಟು. ಗಾಳಿ ಒಳಗೆ ಬರುವುದು ಮುಂದಿನಿಂದ, ಕಸ ಕೂರುವುದೂ ಮುಂದುಗಡೆ. ಮುಂದಿನಿಂದಲೇ ನೀರು ಹೊಡೆದರೆ ಕಸ ಇನ್ನೂ ಆಳಕ್ಕೆ ಹೋಗುತ್ತದೆ. ಫ್ಯಾನಿನ ಕಡೆಯಿಂದ ಮುಂದಕ್ಕೆ ನೀರು ಬಿಡಬೇಕು. ಸ್ಪ್ರೇಯರಿನ ಸೂಜಿಧಾರೆಯಿಂದ ಹತ್ತಿರ ಹಿಡಿದು ಹೊಡೆದರೆ ತೆಳು ತಗಡೆಲ್ಲ ಮಡಚಿಕೊಂಡು ಶಾಶ್ವತವಾಗಿ ಬಂದ್. ಎಣ್ಣೆ ಪಸೆ ಇದ್ದರೆ ಸೋಪಿನ ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಮತ್ತೆ ಸಾದಾ ಹೋಸಿನ ನೀರು. ಎಂಜಿನ್ ತಣಿದಿರುವಾಗ ಮಾತ್ರ.

ಎರಡನೆಯದ್ದು ಫ್ಯಾನ್ ಬೆಲ್ಟ್. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ನಮ್ಮದು ಒಂದೂವರೆ ಇಂಚು ತಗ್ಗುತ್ತಿತ್ತು. ಸಪಾಟಿನಲ್ಲಿ ಸಾಲುತ್ತಿತ್ತು, ಭಾರ ಬಿದ್ದಾಗ ಜಾರುತ್ತಿತ್ತು. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಫ್ಯಾನು, ನೀರಿನ ಪಂಪು ಎರಡನ್ನೂ ತಿರುಗಿಸುವುದು ಇದೇ ಬೆಲ್ಟ್. ತೀರಾ ಬಿಗಿ ಮಾಡಿದರೂ ಪಂಪಿನ ಬೇರಿಂಗಿಗೆ ಕೇಡು. ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರಿಂದ ನೀರು ತೊಟ್ಟಿಕ್ಕಿದರೆ ಒಳಗಿನ ಸೀಲು ಹೋಗಿದೆ ಎಂದರ್ಥ. ತೂತಿಗೆ ಎಂ-ಸೀಲ್ ಮೆತ್ತಿ ಬಂದ್ ಮಾಡಿದವರನ್ನು ನಾನು ಕಂಡಿದ್ದೇನೆ!

ಮೂರನೆಯದ್ದು ಮುಚ್ಚಳ. ಅದನ್ನು ನಾನು ಬರೀ ಮುಚ್ಚಳ ಎಂದುಕೊಂಡಿದ್ದೆ. ಅದು ಪ್ರೆಷರ್ ಕುಕ್ಕರಿನ ವೈಟ್ ಇದ್ದ ಹಾಗೆ. ಒತ್ತಡದಲ್ಲಿರುವ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. 7 ಪೌಂಡಿನ ಮುಚ್ಚಳವಾದರೆ ಸುಮಾರು 111 ಡಿಗ್ರಿ, 13 ಪೌಂಡಿನದ್ದಾದರೆ 118 ಡಿಗ್ರಿ ಆಗುವವರೆಗೆ ಕುದಿ ಬಾರದು. ಮುಚ್ಚಳದ ಮೇಲೆ 7 ಎಂದೋ 0.5 ಎಂದೋ 0.9 ಎಂದೋ ಬರೆದಿರುತ್ತದೆ, ಅದೇ ಈ ಒತ್ತಡ. ರಬ್ಬರು ಸವೆದು ಸ್ಪ್ರಿಂಗ್ ಸೋತರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಪಕ್ಕದ ಸಣ್ಣ ಪೈಪಿನಿಂದ ಹೊರಗೆ ಹೋಗುತ್ತಾ ಇರುತ್ತದೆ. ನಮ್ಮದರ ರಬ್ಬರು ಬಿರುಕು ಬಿಟ್ಟಿತ್ತು. ಬದಲಿಸುವಾಗ ಹಳತರಲ್ಲಿ ಬರೆದ ಅಂಕಿಯದ್ದೇ ತೆಗೆದುಕೊಳ್ಳಬೇಕು. ಹೆಚ್ಚಿನ ಒತ್ತಡದ್ದು ಹಾಕಿದರೆ ಒಳ್ಳೆಯದೆಂದು ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆ ಬಿಡುತ್ತದೆ.

ತಮ್ಮನ ಕೈ ಬೆಂದದ್ದೂ ಇದೇ ಒತ್ತಡದಿಂದ. ಸವೆದ ಮುಚ್ಚಳದಲ್ಲೂ ಸ್ವಲ್ಪ ಒತ್ತಡ ನಿಂತಿತ್ತು. ನೂರು ದಾಟಿದ ನೀರಿನ ಮೇಲಿನ ಒತ್ತಡವನ್ನು ಒಮ್ಮೆಲೇ ತೆಗೆದರೆ ಅದರಲ್ಲಿ ಒಂದಷ್ಟು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಬೆಯಾಗುತ್ತದೆ, ಉಳಿದ ನೀರನ್ನು ಹೊತ್ತುಕೊಂಡು ಮೇಲೆ ಹಾರುತ್ತದೆ. ಕುಕ್ಕರಿನ ಮುಚ್ಚಳವನ್ನು ಒಲೆಯ ಮೇಲೆಯೇ ಯಾರೂ ತೆಗೆಯುವುದಿಲ್ಲ. ಟ್ರ್ಯಾಕ್ಟರಿನದ್ದನ್ನು ಮಾತ್ರ ತೆಗೆಯುತ್ತೇವೆ.

ನಾಲ್ಕನೆಯದ್ದು ಸ್ವಲ್ಪ ವಿಚಿತ್ರ. ಥರ್ಮೋಸ್ಟಾಟೇ ಇರಲಿಲ್ಲ. ಟ್ರ್ಯಾಕ್ಟರ್ ನಾವು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, ಹಿಂದಿನವರ ಕಾಲದಲ್ಲಿ ಯಾರೋ ಕಿತ್ತು ಬಿಸಾಡಿದ್ದರು. "ಬಿಸಿ ಏರ್ತದಾ, ಥರ್ಮೋಸ್ಟಾಟ್ ತೆಗೆ" ಎನ್ನುವುದು ನಮ್ಮ ಕಡೆಯ ಹಳೆಯ ಮದ್ದು. ಇದು ನೀರಿನ ದಾರಿಯಲ್ಲಿ ಕೂರುವ ಒಂದು ಬಾಗಿಲು. ಎಂಜಿನ್ ತಣ್ಣಗಿರುವಾಗ ಮುಚ್ಚಿದ್ದು, ಹೆಚ್ಚಿನವುಗಳಲ್ಲಿ 80 ಡಿಗ್ರಿ ಆಸುಪಾಸಿಗೆ ತೆರೆಯುತ್ತದೆ. ತೆಗೆದು ಬಿಟ್ಟರೆ ಬೆಳಗ್ಗಿನ ಹೊತ್ತು ಎಂಜಿನ್ ಸಾಕಷ್ಟು ಬಿಸಿಯಾಗದೆ ಲೈನರ್ ಸವೆಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದು. ಎಷ್ಟೋ ಎಂಜಿನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಇನ್ನೊಂದು ಬದಿಯ ಅಡ್ಡದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಒಂದಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತುತ್ತಾ ಇರುತ್ತದೆ. ತಣಿಸಲಿಕ್ಕೆಂದು ಕಿತ್ತದ್ದೇ ಕುದಿಸುತ್ತದೆ. ಕೆಟ್ಟಿದೆಯೋ ಎಂದು ಸಂಶಯ ಬಂದರೆ ಪಾತ್ರೆಯ ನೀರಿನಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಡಿ. ನೀರು ಕುದಿ ಬರುವ ಮೊದಲೇ ಅದು ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸತು ಹಾಕಿ, ಕಿತ್ತು ಖಾಲಿ ಬಿಡಬೇಡಿ.

ಐದನೆಯ ದೋಷ ಸೀಟಿನಲ್ಲಿ

ಇದನ್ನು ಮೆಕ್ಯಾನಿಕ್ ಹೇಳಲಿಲ್ಲ, ತಮ್ಮ ಹೇಳಿದ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಚಾವಡಿಯಲ್ಲಿ ಕೂತು ಕೇಳಿದ, "ಯಾವ ಗೇರಿನಲ್ಲಿ ಹತ್ತಿಸಿದೆ?"

ನಾನು ಹತ್ತಿಸಿದ್ದು ಸಪಾಟಿನಲ್ಲಿ ಬಂದ ಗೇರಿನಲ್ಲೇ. ಎಂಜಿನ್ ಗುರುಗುರು ಎಂದು ಮುಲುಗುತ್ತಿದ್ದರೂ ಆಕ್ಸಿಲರೇಟರ್ ಪೂರ್ತಿ ಎಳೆದು ಹಿಡಿದಿದ್ದೆ. ಗೇರು ಇಳಿಸಿದರೆ ಎಂಜಿನ್ ಹೆಚ್ಚು ಕಿರುಚುತ್ತದೆ, ಹೆಚ್ಚು ಬಿಸಿಯಾಗುತ್ತದೆ ಎಂದು ನನ್ನ ಅಂದಾಜು. ನಮ್ಮಲ್ಲಿ ತುಂಬ ಜನರ ಅಂದಾಜು ಇದುವೇ. ನಿಜ ಇದರ ತಿರುವುಮುರುವು.

ಫ್ಯಾನು, ಪಂಪು ಎರಡೂ ಎಂಜಿನಿನ ಜೊತೆಗೇ ತಿರುಗುವಂಥವು. ಎಂಜಿನ್ ನಿಮಿಷಕ್ಕೆ 2000 ಸುತ್ತಿನಿಂದ 1200ಕ್ಕೆ ಇಳಿದರೆ ಗಾಳಿಯೂ ನೀರೂ ಹತ್ತರಲ್ಲಿ ಆರು ಪಾಲಿಗೆ ಇಳಿಯುತ್ತವೆ. ಅದೇ ಹೊತ್ತಿಗೆ ಪ್ರತಿ ಸುತ್ತಿಗೂ ಪೂರ್ತಿ ಡೀಸೆಲ್ ಬೀಳುತ್ತಿರುತ್ತದೆ. ಜೀಪಿಗೋ ಪಿಕಪ್‌ಗೋ ಓಡುವಾಗ ಎದುರು ಗಾಳಿ ಸಿಗುತ್ತದೆ. ಟ್ರ್ಯಾಕ್ಟರಿಗೆ ಚಡಾವಿನಲ್ಲಿ ಅದೂ ಇಲ್ಲ, ಫ್ಯಾನೇ ಗತಿ.

ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಗೇರು ಯಾವುದೆಂದು ಗೊತ್ತಾಗುತ್ತದೆ. 35 ಎಚ್‌ಪಿಯಲ್ಲಿ ಚಕ್ರದವರೆಗೆ ತಲುಪುವುದು 25 ಎಂದು ಹಿಡಿಯಿರಿ. 900 ಕಿಲೋ ಎಳೆತಕ್ಕೆ ಅಷ್ಟರಲ್ಲಿ ಗಂಟೆಗೆ ಏಳು ಕಿಲೋಮೀಟರ್ ಚಿಲ್ಲರೆ ವೇಗ ಸಿಕ್ಕೀತು, ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ಹನ್ನೆರಡು ಕಿಲೋಮೀಟರ್ ಓಡುವ ಗೇರಿನಲ್ಲಿ ಹತ್ತಿಸುತ್ತೇನೆಂದರೆ ಎಂಜಿನ್ ಮುಲುಗದೆ ಏನು ಮಾಡೀತು? ಚಡಾವಿನ ಬುಡದಲ್ಲೇ ಗೇರು ಇಳಿಸಿ, ಎಂಜಿನ್ ಹಗುರಾಗಿ ಓಡುವಂತೆ ಇಟ್ಟು, ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ಹತ್ತಿಸಬೇಕು. ಅರ್ಧ ದಾರಿಯಲ್ಲಿ ಗೇರು ಬದಲಿಸಲು ಹೋದರೆ ಲೋಡು ಹಿಂದಕ್ಕೆ ಜಾರುವ ಭಯ ಬೇರೆ.

ಟ್ರೈಲರಿನ ಕಡೆಯೂ ನೋಡಬೇಕು. ಗಾಳಿ ಕಮ್ಮಿಯಾದ ಟಯರು, ಗ್ರೀಸು ಕಾಣದ ಬೇರಿಂಗು ಇದ್ದರೆ ಕಾಣದ ಲೋಡನ್ನೇ ಎಳೆದ ಹಾಗೆ. ಟ್ರಿಪ್ ಮುಗಿಸಿ ನಿಂತಾಗ ಚಕ್ರದ ಹಬ್ಬಿಗೆ ಕೈ ಹಿಡಿಯಿರಿ. ಒಂದು ಬದಿ ಮಾತ್ರ ಸುಡುತ್ತಿದ್ದರೆ ಅಲ್ಲಿ ತೊಂದರೆ ಉಂಟು.

ಮುಳ್ಳು ಏರಿದಾಗ

ಕೆಂಪು ಮುಟ್ಟುವವರೆಗೆ ಕಾಯಬಾರದು. ದಿನಾ ನಿಲ್ಲುವ ಜಾಗದಿಂದ ಮುಳ್ಳು ಮೇಲೆ ಹೋಯಿತೆಂದರೆ ಆಗಲೇ ಎಚ್ಚರ. ಚಡಾವಿನ ನಡುವೆ ಸಪಾಟು ಸಿಕ್ಕಿದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕು ಹಾಕಿ, ಚಕ್ರಕ್ಕೆ ಅಡೆ ಕೊಡಿ. ಎಂಜಿನನ್ನು ಒಮ್ಮೆಲೇ ಬಂದ್ ಮಾಡಬೇಡಿ. ಬಂದ್ ಮಾಡಿದರೆ ಪಂಪೂ ಫ್ಯಾನೂ ನಿಲ್ಲುತ್ತವೆ, ಹೆಡ್ಡಿನಲ್ಲಿರುವ ಬಿಸಿಗೆ ಹೋಗಲು ದಾರಿಯಿಲ್ಲದೆ ಅಲ್ಲಿಯ ನೀರು ಇನ್ನೂ ಕುದಿಯುತ್ತದೆ. ನ್ಯೂಟ್ರಲ್‌ನಲ್ಲಿ, ಸುಮ್ಮನೆ ಓಡುವುದಕ್ಕಿಂತ ತುಸು ಹೆಚ್ಚು ವೇಗದಲ್ಲಿ ಮೂರ್ನಾಲ್ಕು ನಿಮಿಷ ಬಿಡಿ. ಹೆಚ್ಚಿನ ಸಲ ಮುಳ್ಳು ಇಳಿಯುತ್ತದೆ. ಇದು ನೀರು ಇದ್ದರೆ ಮಾತ್ರ. ಹೋಸ್ ಪೈಪ್ ಒಡೆದಿದ್ದರೆ, ಬೆಲ್ಟ್ ತುಂಡಾಗಿದ್ದರೆ, ಆಯಿಲ್ ಲೈಟ್ ಉರಿದರೆ ಅಥವಾ ನನಗಾದ ಹಾಗೆ ಮುಳ್ಳು ಬಿದ್ದರೆ ಕೂಡಲೇ ಬಂದ್.

ಆಮೇಲೆ ಮುಚ್ಚಳದ ಹತ್ತಿರ ಹೋಗದೆ ಕಮ್ಮಿಯೆಂದರೆ ಮುಕ್ಕಾಲು ಗಂಟೆ ಕೂರುವುದು. ಎಲೆ ಅಡಿಕೆ ಹಾಕುವವರು ಹಾಕಬಹುದು. ಮೇಲಿನ ಹೋಸನ್ನು ಹಿಂಡಿ ನೋಡಿದರೆ ಒತ್ತಡ ಉಂಟೋ ಇಲ್ಲವೋ ತಿಳಿಯುತ್ತದೆ. ಗಟ್ಟಿಯಿದ್ದರೆ ಇನ್ನೂ ಕಾಯಬೇಕು. ಮೆತ್ತಗಾದ ಮೇಲೆ ದಪ್ಪ ಬಟ್ಟೆ ಹಿಡಿದು, ಮುಖ ಆಚೆ ತಿರುಗಿಸಿ, ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ ಹಬೆ ಹೋಗಲು ಬಿಡಿ. ಪೂರ್ತಿ ತೆಗೆಯುವುದು ಅದರ ನಂತರ. ನೀರು ಹಾಕುವಾಗ ಎಂಜಿನ್ ನಿಧಾನ ಓಡುತ್ತಿರಲಿ, ನೀರು ಸ್ವಲ್ಪ ಸ್ವಲ್ಪವೇ ಹೋಗಲಿ. ಕಾದ ಕಾವಲಿಗೆ ತಣ್ಣೀರು ಸುರಿದರೆ ಏನಾಗುತ್ತದೆಂದು ಮನೆಯಲ್ಲಿ ಕೇಳಿ. ನಾನು ಎರಡು ಕೊಡ ಒಟ್ಟಿಗೆ ಸುರಿದವ. ಹೆಡ್ ಬಗ್ಗಲು ಅದರ ಪಾಲೂ ಇತ್ತು ಎಂದು ಮೆಕ್ಯಾನಿಕ್ ಅಭಿಪ್ರಾಯ. ಸುರಿದು ಎಂಜಿನ್ ಓಡಿಸಿ ಮತ್ತೆ ನೋಡಲೂ ಇಲ್ಲ. ಒಳಗೆ ಗಾಳಿ ಸಿಕ್ಕಿಬಿದ್ದು ರೇಡಿಯೇಟರ್ ತುಂಬಿದ ಹಾಗೆ ಕಂಡಿರಬೇಕು.

ಯಾರಿಗಾದರೂ ಬೆಂದರೆ ಟೂತ್‌ಪೇಸ್ಟು, ಶಾಯಿ ಹುಡುಕಬೇಡಿ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿದು, ಮತ್ತೆ ಆಸ್ಪತ್ರೆಗೆ. ನಮ್ಮಲ್ಲಿ ಪೇಸ್ಟು ಹಚ್ಚಿ ಕಳಿಸಿದ್ದೆವು. ಅದನ್ನು ಒರೆಸಿ ತೆಗೆಯುವಾಗ ತಮ್ಮ ಪಟ್ಟ ನೋವು ಬೇರೆಯೇ.

ಯಾವ ನೀರು?

ಸಿಕ್ಕಿದ ನೀರು. ಇಷ್ಟೇ ನಮ್ಮ ಪದ್ಧತಿಯಾಗಿತ್ತು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಾದರೆ ಹಂಡೆಯ ಒಳಗೆ ಬಿಳಿ ಪದರ ಕಟ್ಟುವ ಹಾಗೆ ಎಂಜಿನಿನ ಒಳಗೂ ಕಟ್ಟುತ್ತದೆ. ತೆಳು ಪದರವೂ ಕಂಬಳಿ ಹೊದೆಸಿದ ಹಾಗೆ, ಬಿಸಿ ನೀರಿಗೆ ದಾಟುವುದಿಲ್ಲ. ನಮ್ಮ ಮುರಕಲ್ಲು ನೆಲದ ಬಾವಿ ನೀರು ಮೆದು, ಆದರೆ ಹುಳಿ ಗುಣ ಇರುವುದರಿಂದ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿನ ಕೆಸರು ರೇಡಿಯೇಟರಿನ ಸಪೂರ ಕೊಳವೆಗಳ ಅಡಿಯಲ್ಲಿ ಕೂರುತ್ತದೆ. ಮಾಡಿನಿಂದ ಹಿಡಿದು ಸೋಸಿದ ಮಳೆನೀರು ಇಲ್ಲವೇ ಬ್ಯಾಟರಿಗೆ ಹಾಕುವ ನೀರು ಒಳ್ಳೆಯದು. ಜೊತೆಗೆ ಕೂಲೆಂಟ್ ಸೇರಿಸಬೇಕು. ನಮ್ಮ ಊರಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲೆಂಟ್ ಯಾಕೆ ಎಂದು ನಾನೂ ವಾದ ಮಾಡಿದ್ದೆ. ಅದರ ಕೆಲಸ ಇಲ್ಲಿ ಬೇರೆ. ತುಕ್ಕು ತಡೆಯುತ್ತದೆ, ಸಮಪಾಲು ಬೆರೆಸಿದರೆ ಕುದಿಯುವ ಮಟ್ಟವನ್ನು ಏಳು ಡಿಗ್ರಿಯಷ್ಟು ಏರಿಸುತ್ತದೆ. ರೆಡಿ ಮಿಕ್ಸ್ ಬೇರೆ, ನೀರು ಬೆರೆಸುವಂಥದ್ದು ಬೇರೆ, ಡಬ್ಬಿ ಓದಿ ಹಾಕಿ. ಸಿಹಿಯಾಗಿರುವ ವಿಷ ಅದು, ಹಳೆಯದನ್ನು ಬಸಿದು ನಾಯಿ ದನ ನೆಕ್ಕುವಲ್ಲಿ ಚೆಲ್ಲಬೇಡಿ.

ರೇಡಿಯೇಟರ್ ಸೋರಿದರೆ ಅರಸಿನ ಪುಡಿ ಹಾಕುವ ಮದ್ದು ಗೊತ್ತಿರಬಹುದು. ಕಾಡಿನ ನಡುವೆ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಸರಿ. ಮುಟ್ಟಿದ ಮೇಲೆ ತೊಳೆಯದೆ ಬಿಟ್ಟರೆ ಸೋರುವ ತೂತಿನ ಜೊತೆ ಸೋರದ ಕೊಳವೆಗಳನ್ನೂ ಅದು ಮುಚ್ಚುತ್ತದೆ.

ನೀರು ಹೊರಗೆಲ್ಲೂ ಸೋರದೆ ಕಮ್ಮಿಯಾಗುತ್ತಿದ್ದರೆ ಗ್ಯಾಸ್ಕೆಟ್ ಮೇಲೆ ಸಂಶಯ ಪಡಬೇಕು. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಅಥವಾ ಆಯಿಲಿನ ಕಡ್ಡಿಯಲ್ಲಿ ಹಾಲು ಕಾಫಿಯ ಬಣ್ಣ ಕಂಡರೆ ಲೋಡಿಗೆ ಹೋಗದೆ ನೇರ ಗ್ಯಾರೇಜಿಗೆ.

ಟಿಲ್ಲರಿನವರಿಗೆ ಒಂದು ಮಾತು. ಕೆಲವು ಒಂಟಿ ಸಿಲಿಂಡರ್ ಎಂಜಿನುಗಳಲ್ಲಿ ಫ್ಯಾನು ರೇಡಿಯೇಟರ್ ಇಲ್ಲ, ಮೇಲೆ ನೀರಿನ ತೊಟ್ಟಿ ಮಾತ್ರ. ಅದು ಕುದಿದು ಹಬೆಯಾಗಿಯೇ ತಣಿಯುವಂಥದ್ದು. ಅಲ್ಲಿ ಹಬೆ ಕಂಡು ಹೆದರಬೇಕಿಲ್ಲ, ನೀರು ತೋರಿಸುವ ಕೆಂಪು ಬೆಂಡು ಮುಳುಗದ ಹಾಗೆ ತುಂಬಿಸುತ್ತಾ ಇದ್ದರಾಯಿತು.

ಇಳಿಯುವಾಗಿನ ಬಿಸಿ

ಏರಿನಲ್ಲಿ ಕೆಟ್ಟರೆ ದುಡ್ಡು ಹೋಗುತ್ತದೆ. ಇಳಿಜಾರಿನಲ್ಲಿ ಕೆಟ್ಟರೆ ಜೀವ. ಅದೇ ಆರು ಟನ್ ಅದೇ ಚಡಾವನ್ನು ಇಳಿಯುವಾಗ ಐವತ್ತು ಮೀಟರ್ ಕೆಳಗೆ ಬರುತ್ತದೆ. ಈ ಇಳಿತದ ಶಕ್ತಿ ಹತ್ತು ಲೀಟರ್ ತಣ್ಣೀರನ್ನು ಕುದಿಸುವಷ್ಟಾಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸಿದರೆ ಇದರ ಹೆಚ್ಚು ಪಾಲು ಬ್ರೇಕಿಗೇ ಹೋಗಬೇಕು. ನಮ್ಮ ಟ್ರೈಲರುಗಳಿಗೆ ಬ್ರೇಕು ಇರುವುದು ಅಪರೂಪ, ಎಲ್ಲ ಭಾರ ಟ್ರ್ಯಾಕ್ಟರಿನ ಬ್ರೇಕಿಗೆ. ಕಾದ ಲೈನಿಂಗ್ ಹಿಡಿಯುವುದಿಲ್ಲ, ಪೆಡಲ್ ಎಷ್ಟು ಮೆಟ್ಟಿದರೂ ಗಾಡಿ ಓಡುತ್ತದೆ. ಅಷ್ಟು ಹೊತ್ತಿಗೆ ಗೇರು ಹಾಕಲು ಹೋದರೆ ಹಳೆಯ ಟ್ರ್ಯಾಕ್ಟರಿನಲ್ಲಿ ಬೀಳುವುದೂ ಇಲ್ಲ.

ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವವರು ಗಮನಿಸಬೇಕು. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪಂಪು ಹೆಚ್ಚುಕಮ್ಮಿ ಡೀಸೆಲನ್ನೇ ಕೊಡುವುದಿಲ್ಲ. ನ್ಯೂಟ್ರಲ್‌ನಲ್ಲೇ ಎಂಜಿನನ್ನು ಉರಿಸಿಡಲು ಡೀಸೆಲ್ ಬೇಕು. ಹತ್ತಿಸಿದ ಗೇರಿನಲ್ಲೇ ಇಳಿಸುವುದು, ಗೇರನ್ನು ತಲೆಯಲ್ಲೇ ಹಾಕಿಕೊಳ್ಳುವುದು, ನಡುವೆ ಕ್ಲಚ್ ಒತ್ತದಿರುವುದು. ಎರಡು ಬ್ರೇಕ್ ಪೆಡಲುಗಳಿಗೆ ಕೊಂಡಿ ಬಿದ್ದಿದೆಯೋ ನೋಡಿಕೊಳ್ಳಬೇಕು. ಕೊಂಡಿ ಇಲ್ಲದೆ ಒಂದೇ ಪೆಡಲ್ ಮೆಟ್ಟಿದರೆ ಟ್ರ್ಯಾಕ್ಟರ್ ಒಂದು ಬದಿಗೆ ತಿರುಗಿ ಟ್ರೈಲರ್ ಮಡಚಿಕೊಂಡು ಮೇಲೆ ಬರುತ್ತದೆ. ಗೊಬ್ಬರವನ್ನು ಮನೆಯ ರಾಶಿಯಿಂದ ಕೆಳಗಿನ ತೋಟಕ್ಕೆ ಇಳಿಸುವ ದಾರಿಯಲ್ಲಿ ನಮಗೆ ಇದು ದಿನದ ಮಾತು. ಅಲ್ಲಿ ನಾವು ಅರ್ಧ ಲೋಡು ಮಾತ್ರ ಹಾಕುತ್ತೇವೆ.

ತಮ್ಮನ ಕೈಯ ಚರ್ಮ ಎರಡು ತಿಂಗಳಲ್ಲಿ ಸರಿಯಾಯಿತು, ಕಲೆ ಉಳಿದಿದೆ. ಟ್ರ್ಯಾಕ್ಟರ್ ಈಗಲೂ ಅದೇ. ಶೆಡ್ಡನ್ನು ಅಡಿಕೆ ಯಂತ್ರದ ಹತ್ತಿರದಿಂದ ಹಟ್ಟಿಯ ಆಚೆ ಬದಿಗೆ ಬದಲಿಸಿದೆವು. ಟೂಲ್ ಬಾಕ್ಸಿನಲ್ಲಿ ಒಂದು ಬೆಲ್ಟ್, ಒಂದು ಮುಚ್ಚಳ, ಮೇಲಿನ ಹೋಸ್, ಎರಡು ಕ್ಲಿಪ್ಪು ಇವೆ. ಟ್ರೈಲರಿನ ಬದಿಗೆ ಹಗ್ಗದಲ್ಲಿ ಕಟ್ಟಿದ ಎರಡು ಮರದ ಅಡೆ, ಐದು ಲೀಟರಿನ ಕ್ಯಾನು. ಗೊಬ್ಬರದ ಲಾರಿಯವರಿಗೆ ಫೋನಿನಲ್ಲೇ ಹೇಳಿಬಿಡುತ್ತೇವೆ, ನಾಲ್ಕು ಟ್ರಿಪ್, ನಡುವೆ ಕಾಲು ಕಾಲು ಗಂಟೆ, ಒಪ್ಪಿಗೆಯಿದ್ದರೆ ಬನ್ನಿ. ಕಳೆದ ಸಲ ಬಂದವ ಸ್ವಲ್ಪ ಗೊಣಗಿದ. ಬೆಲ್ಲ, ನೀರು, ಚಾ ಕೊಟ್ಟೆವು. ಹನ್ನೊಂದೂವರೆಗೆ ಲಾರಿ ಖಾಲಿ ಮಾಡಿ ಕಳಿಸಿದೆವು.